ಬೀಟ್‌ರೂಟ್ ತುಪ್ಪದಾಗ ಕೂಡವಲ್ದು, ಮನ್ಯಾಗ ಮೇಕಪ್ ಮಾಡ್ಕೊಳ್ಳೋರು ಜರಾ ಹೇಳ್ರಿ

ಸೇಡಂರೋಡ್_ಅಕ್ಕ:
ಎಲ್ರಿಗೂ ನಮಸ್ಕಾರ್ರಿ. ನನ್ ಮಗಳು ಡಿಗ್ರಿ ಓದ್ಲಕತ್ತಾಳ, ಅಂಗಡಿ ಲಿಪ್‌ಸ್ಟಿಕ್ ಯಾವ್ದ್ ಹಚ್ಚಿದ್ರೂ ಈಕಿ ತುಟಿ ಸುಲೀತಾವ, ಸುತ್ತ ಕೆಂಪ್ ಗುಳ್ಳಿ ಏಳ್ತಾವ. ಡಾಕ್ಟರಿಗಿ ತೋರಿಸಿದ್ವಿ, ಅದನ್ನ ಬಿಡು ಅಂದ್ರು, ಬಿಟ್ಟ ಮ್ಯಾಲ ಈಗ ತುಟಿ ಆರಾಮ ಆಗ್ಯಾವ. ಆದ್ರ ಬ್ಯಾಸಿಗ್ಯಾಗ ನಮ್ ಅಣ್ಣನ ಮಗಳ ಮದುವಿ ಅದ ಚಿತ್ತಾಪುರದಾಗ, ಎಲ್ಲಾ ಹುಡುಗ್ಯಾರು ಮಾಡ್ಕೊಂಡು ಬರ್ತಾರ ನಾ ಒಬ್ಬಾಕಿ ಸಪ್ಪನ ಮಾರಿ ಹೊತ್ಕೊಂಡು ನಿಂದ್ರಲ್ಲ ಅಂತ ಒಂದೇ ಹಟ ಹಿಡ್ದಾಳ. ಅದಕ್ಕ ವಿಡಿಯೋ ನೋಡಿ ಬೀಟ್‌ರೂಟ್ ತುರ್ದು ರಸ ಹಿಂಡಿ ತುಪ್ಪದಾಗ ಹಾಕಿ ಕಾಸಿದ್ವಿ. ರಸ ತಳಕ್ಕ ಕುಂತದ, ತುಪ್ಪ ಮ್ಯಾಲ ಹಳದಿನೇ ಉಳ್ದದ, ಎಷ್ಟ್ ತಿರುವಿದ್ರೂ ಎರಡೂ ಕೂಡವಲ್ದು. ವಿಡಿಯೋದಾಗ ಮಾತ್ರ ಮಸ್ತ್ ಗುಲಾಬಿ ಬಂದಿತ್ತು. ಏನ್ ಮಾಡ್ಬೇಕು? ಹಂಗೇ ಕಾಡಿಗಿ, ಮಾರಿಗಿ ಪೌಡರು, ಇವೂ ಮನ್ಯಾಗ ಆಗ್ತಾವೇನು, ಮಾಡಿದೋರು ಇದ್ರ ಹೇಳ್ರಿ, ಓದಿ ಹೇಳೋರು ಬ್ಯಾಡ.

ಫರ್ಸಿಕಲ್ಲು:
ಅಕ್ಕಾ ಸೂಪರ್ ಮಾರ್ಕೆಟ್‌ನಾಗ ಛಲೋ ಕಂಪನಿ ಲಿಪ್‌ಸ್ಟಿಕ್ ಬಕ್ಕಳ ಸಿಗ್ತಾವ, ಒಂದ್ ತಗೋರಿ ಮುಗೀತು.

ಸೇಡಂರೋಡ್_ಅಕ್ಕ:
ತಮ್ಮಾ, ಮೊದಲನೇ ಸಾಲು ಓದಿ ಬಾ.

ಕೆಮಿಸ್ಟ್ರಿ_ಮಾಸ್ತರ:
ಅಕ್ಕೋರೆ, ಅದು ಕೂಡಲ್ಲ. ಬೀಟ್‌ರೂಟಿನ ಕೆಂಪಿಗಿ ಬೆಟಾನಿನ್ ಅಂತಾರ, ಅದು ನೀರಾಗ ಕರಗೋ ಬಣ್ಣ, ಎಣ್ಣಿ ತುಪ್ಪದಾಗ ಕರಗಲ್ಲ. ಕಾಸಿದ್ರ ಕೂಡ್ತದ ಅನ್ಕೊಂಡು ಮಂದಿ ಇನ್ನಾ ಕಾಸ್ತಾರ, ಬಿಸಿ ಹತ್ತಿದಷ್ಟು ಅದರ ಕೆಂಪು ಹೋಗಿ ಕಂದು ಆಗ್ತದ. ಒಣಗಿಸಿ ಪುಡಿ ಮಾಡಿ ತುಪ್ಪದಾಗ ಕಲಸೋರೂ ಅದಾರ, ಡಬ್ಬ್ಯಾಗ ನೋಡ್ಲಾಕ ಕೂಡಿದಂಗೇ ಕಾಣ್ತದ, ತುಟಿಗಿ ಹಚ್ಚಿದ ಮ್ಯಾಲ ಪುಡಿ ಚರಚರ ಹತ್ತತದ.

ನಿಮಗ ಎಣ್ಣ್ಯಾಗ ಬಿಡೋ ಬಣ್ಣ ಬೇಕು. ಅದು ರತನ್ ಜೋತ್. ಕರ್ರಗ ನೇರಳಿ ಬಣ್ಣದ ಒಣ ಬೇರು, ಸಿಪ್ಪಿ ಸಿಪ್ಪಿ ಇರ್ತದ, ಕೈಯಾಗ ಹಿಡಿದ್ರ ಬೆರಳಿಗಿ ಬಣ್ಣ ಹತ್ತತದ. ಕಾಶ್ಮೀರದವರು ರೋಗನ್ ಜೋಶ್ ಅನ್ನೋ ಮಟನ್ ಸಾರು ಕೆಂಪ್ ಮಾಡ್ಲಾಕ ಇದನ್ನೇ ಎಣ್ಣ್ಯಾಗ ಹಾಕ್ತಾರ. ನೀರಾಗ ಹಾಕ್ರಿ, ಸುಮ್ ತೇಲ್ತದ. ಬೆಚ್ಚನ್ ಎಣ್ಣಿಗಿ ಹಾಕ್ರಿ, ನೋಡ್ ನೋಡ್ತಾ ಕೆಂಪ್ ಬಿಡ್ತದ.

ಹಿಂಗ ಮಾಡ್ರಿ: ನಾಕ್ ಚಮಚ ಔಡಲ ಎಣ್ಣಿಗಿ ಒಂದ್ ಚಮಚ ರತನ್ ಜೋತ್ ಮುರ್ದು ಹಾಕ್ರಿ. ಎಣ್ಣಿ ಬಟ್ಟಲ ಸೀದಾ ಒಲಿ ಮ್ಯಾಲ ಇಡಬ್ಯಾಡ್ರಿ, ಬಿಸಿನೀರಿನ ಬೋಗಣ್ಯಾಗ ಇಡ್ರಿ, ಸಣ್ಣ ಉರಿ, ಅರ್ಧ ತಾಸು. ಆರಿದ ಮ್ಯಾಲ ತೆಳ್ಳನ್ ಅರಬ್ಯಾಗ ಸೋಸ್ರಿ, ಒಂದ್ ತುಣುಕೂ ಉಳೀಬಾರ್ದು. ಆಮ್ಯಾಲ ಅದೇ ಎಣ್ಣಿಗಿ ಜೇನುಮೇಣ ಹಾಕಿ ಮತ್ತ ಬಿಸಿನೀರಾಗಿಟ್ಟು ಕರಗಿಸಿ ಡಬ್ಬಿಗಿ ಹಾಕ್ರಿ. ಔಡಲ ಎಣ್ಣಿನೇ ಯಾಕಂದ್ರ ಅದು ದಪ್ಪ, ತುಟಿ ಮ್ಯಾಲ ನಿಂದ್ರತದ, ಹೊಳಪೂ ಕೊಡ್ತದ, ಕಂಪನಿ ಲಿಪ್‌ಸ್ಟಿಕ್‌ನಾಗೂ ಅದೇ ಇರ್ತದ.

ಗಂಜ್_ಗಿರಾಕಿ:
ರತನ್ ಜೋತ್ ಗಂಜ್ ಕಡಿ ಜಡಿಬೂಟಿ ಅಂಗಡ್ಯಾಗ ಸಿಗ್ತದ. ಪುಡಿ ತಗೋಬ್ಯಾಡ್ರಿ, ಬೇರೇ ಕೇಳ್ರಿ. ಪುಡ್ಯಾಗ ಏನ್ ಕೂಡಿಸ್ಯಾರ ಅಂತ ಯಾರಿಗ್ ಗೊತ್ತು. ಬೇರು ಅಂದ್ರ ಅಂಗಡ್ಯಾಗೇ ಒಂದ್ ತುಣುಕು ಎಣ್ಣ್ಯಾಗ ಅದ್ದಿ ನೋಡಬಹುದು.

ಹುಮನಾಬಾದ್_ಭಾಭಿ:
ಮಾಸ್ತರ್ ಹೇಳಿದ್ದು ಖರೇ ಇರಬಹುದು, ಆದ್ರ ಬೀಟ್‌ರೂಟ್‌ಗೇ ಹಿಂಗ ಸೀದಾ ಬ್ಯಾಡ ಅನ್ನಬ್ಯಾಡ್ರಿ. ನಮ್ಮನ್ಯಾಗ ಹುಡುಗ್ಯಾರು ಬೀಟ್‌ರೂಟಿನ ತುಣುಕು ಫ್ರೀಜರ್‌ನಾಗ ಇಟ್ಟು, ಅದನ್ನೇ ಸೀದಾ ತುಟಿಗಿ ತಿಕ್ಕೋತಾರ. ಪೂರಾ ಒಣಗೋ ತನಕ ಮಾತಾಡಬಾರ್ದು, ನಗಬಾರ್ದು (ಇದೇ ಕಷ್ಟ), ಒಣಗಿದ ಮ್ಯಾಲ ಮತ್ತೊಮ್ಮಿ ತಿಕ್ಕಬೇಕು, ಆಮ್ಯಾಲ ಮ್ಯಾಲಿಂದ ಒಂಚೂರು ತುಪ್ಪ. ಊಟದ ತನಕ ಅಂತೂ ಬಾಳಕಿ ಬರ್ತದ.

ಕೆಮಿಸ್ಟ್ರಿ_ಮಾಸ್ತರ:
ಭಾಭಿ, ನೀವು ಮಾಡೋದು ಬರೋಬ್ಬರಿ ಅದ. ಮೊದಲ ನೀರಿನ ಬಣ್ಣ ಚರ್ಮಕ್ಕ ಹತ್ತತದ, ಅದರ ಮ್ಯಾಲ ತುಪ್ಪ ಮುಚ್ಚತದ. ಎರಡನ್ನೂ ಒಂದೇ ಡಬ್ಬ್ಯಾಗ ತುಂಬ್ಲಾಕ ಹೋದ್ರ ಮಾತ್ರ ತೊಂದ್ರಿ. ಒಂದ್ ಮಾತು, ಹಿಂಡಿಟ್ಟ ರಸ ನೀರಿನ ವಸ್ತು, ಫ್ರಿಜ್‌ನಾಗ ಎರಡ್ ಮೂರ್ ದಿನಕ್ಕಿಂತ ಮ್ಯಾಲ ಇಡಬ್ಯಾಡ್ರಿ, ಬೂಷ್ಟು ಹಿಡೀತದ. ಎಣ್ಣಿ-ಮೇಣದ್ದು ತಿಂಗಳಗಟ್ಲೆ ಇರ್ತದ ಯಾಕಂದ್ರ ಅದರಾಗ ನೀರೇ ಇಲ್ಲ.

ಬೆಂಗ್ಳೂರ್_ಸೊಸೆ:
ನಾನು ಕೊಬ್ಬರಿ ಎಣ್ಣೆ ಹಾಕಿ ಲಿಪ್ ಬಾಮ್ ಮಾಡ್ಕೋತೀನಿ, ಬೆಂಗಳೂರಲ್ಲಿ ಚೆನ್ನಾಗೇ ಇರತ್ತೆ. ಒಂದು ಪಾಲು ಮೇಣ, ನಾಲ್ಕು ಪಾಲು ಎಣ್ಣೆ. ಆದ್ರೆ ಅತ್ತೆ ಮನೆ ಕಲಬುರಗಿಗೆ ತಂದಾಗೆಲ್ಲ ಬ್ಯಾಗಲ್ಲೇ ಚೆಲ್ಲಿರತ್ತೆ, ಅದ್ಯಾಕೋ.

ಬೀದರ್_ಬಿಸಿಲು:
ಅದ್ಯಾಕೋ ಅಂತ ಕೇಳ್ತೀರಲ್ರಿ ಮೇಡಂ 😄 ಕೊಬ್ರಿ ಎಣ್ಣಿ 24 ಡಿಗ್ರಿಗೇ ಕರಗ್ತದ, ಕಲಬುರಗ್ಯಾಗ ಮೇ ತಿಂಗಳ 42 ಇರ್ತದ. ಫ್ಯಾನ್ ಗಾಳಿನೂ ಬಿಸಿ ಬರೋ ಊರಾಗ ನಿಮ್ ಬಾಮ್ ಹೆಂಗ್ ಗಟ್ಟಿ ನಿಂದ್ರಬೇಕು. ಜೇನುಮೇಣ ಕರಗ್ಲಾಕ 62-64 ಬೇಕು, ಅಂದ್ರ ಈ ಬಿಸಿಲಿಗಿ ತಡ್ಯೋದು ಅದೊಂದೇ. ಬ್ಯಾಸಿಗಿಗಿ ಮಾಡೋದಿದ್ರ ಒಂದ್ ಪಾಲು ಮೇಣಕ್ಕ ಎರಡು ಎರಡೂವರಿ ಪಾಲು ಎಣ್ಣಿ, ಅಷ್ಟೇ ಸಾಕು. ತಣ್ಣೀರ್ ತಾಟಿನ ಮ್ಯಾಲ ಒಂದ್ ಹನಿ ಬಿಟ್ಟು ನೋಡ್ರಿ, ಉಗುರಿಂದ ಕೆರೆದ್ರ ಬರಬೇಕು, ಹರೀಬಾರ್ದು. ಗಟ್ಟಿ ಭಾಳ ಆತಂದ್ರ ಮತ್ತ ಕರಗಿಸಿ ಎಣ್ಣಿ ಹಾಕ್ಬಹುದು, ಏನ್ ಹಾಳಾಗಲ್ಲ.

ಮತ್ತ ಮೇಣದಬತ್ತಿ ಮುರ್ದು ಹಾಕ್ಬ್ಯಾಡ್ರಿ, ಅದು ಪ್ಯಾರಾಫಿನ್. ಜೇನುಮೇಣ ಜೇನು ತೆಗ್ಯೋರ ಬಲ್ಲಿ ಸಿಗ್ತದ, ಮೂಸಿ ನೋಡಿದ್ರ ಜೇನಿನ ವಾಸನಿ ಬರ್ತದ.

ರಾತ್ರಿಪಾಳಿ_ನರ್ಸ್:
ಎಲ್ಲಾ ಸರಿ, ಒಬ್ರೂ ಪ್ಯಾಚ್ ಟೆಸ್ಟ್ ಅನ್ನವಲ್ರಿ. ಅಕ್ಕಾ, ನಿಮ್ ಹುಡುಗಿಗಿ ಒಮ್ಮಿ ಅಲರ್ಜಿ ಆಗ್ಯದ, ಈಕಿ ಚರ್ಮ ಮನಿ ಸಾಮಾನಿಗೂ ಎದ್ದೇಳಬಹುದು. ಜೇನುಮೇಣ ಆಗಲಾರದೋರು ಅದಾರ, ಔಡಲ ಎಣ್ಣಿ ಆಗಲಾರದೋರೂ ಅದಾರ. ಮಾಡಿದ್ದನ್ನ ಮೊದಲ ಮೊಣಕೈ ಒಳಗ ಹಚ್ಚಿ ಎರಡ್ ದಿನ ನೋಡ್ರಿ, ಕಡತ ಕೆಂಪು ಬರಲಿಲ್ಲ ಅಂದ್ರನೇ ತುಟಿಗಿ. ಮದುವಿ ಹಿಂದಿನ ದಿನ ಮೊದಲ್ನೇ ಸಲ ಹಚ್ಲಾಕ ಹೋಗಬ್ಯಾಡ್ರಿ. ಕೆಲವು ವಿಡಿಯೋದಾಗ ತುಟಿ ಉಬ್ಬಲಿ ಅಂತ ದಾಲ್ಚಿನ್ನಿ ಪುಡಿ ಹಾಕಂತಾರ, ಅದು ಉಬ್ಬೋದಲ್ಲ, ಉರಿಗಿ ಬಾಯೋದು.

ಯಾದಗಿರಿ_ಪ್ಯಾಸೆಂಜರ್:
ಕುಂಕುಮ ತುಪ್ಪದಾಗ ಕಲಸಿ ಹಚ್ಚಿದ್ರ? ನಮ್ ಕಾಕು ಕಾಲದಾಗ ಹಂಗೇ ಮಾಡ್ತಿದ್ರಂತ.

ಕೆಮಿಸ್ಟ್ರಿ_ಮಾಸ್ತರ:
ಮನ್ಯಾಗ ಮಾಡೋ ಕುಂಕುಮ ಅಂದ್ರ ಅರಿಷಿಣಕ್ಕ ಸುಣ್ಣ ಹಾಕಿದ್ದು. ಅರಿಷಿಣದ ಹಳದಿ ಕ್ಷಾರ ತಾಗಿದ್ರ ಕೆಂಪಾಗ್ತದ, ಹುಳಿ ತಾಗಿದ್ರ ವಾಪಸ್ ಹಳದಿ. ಅದನ್ನ ತುಟಿಗಿ ಹಚ್ಕೊಂಡು ಮದುವ್ಯಾಗ ಒಂದ್ ಗ್ಲಾಸ್ ಮಜ್ಜಿಗಿ ಕುಡಿದ್ರ ತುಟಿ ಹಳದಿ ತಿರಗ್ತಾವ. ಸುಣ್ಣ ಜಾಸ್ತಿ ಆತಂದ್ರ ಸುಡ್ತದ ಬ್ಯಾರೆ. ಇನ್ ಅಂಗಡಿ ಕುಂಕುಮದಾಗ ಬರೇ ರಂಗು ಇರೋದೇ ಭಾಳ, ಸಿಂಧೂರದಾಗ ಸೀಸ ಇರೋದೂ ಅದ. ಹಣಿಗಿ ಇಡ್ರಿ, ಬಾಯಿಗಿ ಬ್ಯಾಡ.

ಫರ್ಸಿಕಲ್ಲು:
ಮಜ್ಜಿಗಿ ಕುಡಿದ್ರ ತುಟಿ ಹಳದಿ 😂😂 ಇದನ್ನ ನಮ್ ತಂಗಿ ಮ್ಯಾಲ ಮಾಡಿ ನೋಡ್ಬೇಕು

ಆಳಂದ_ಮೊಮ್ಮಗಳು:
ಕಾಡಿಗಿದು ನಾ ಹೇಳ್ತೀನಿ, ನಮ್ ಅಮ್ಮ (ಅಪ್ಪನ ಅವ್ವ) ಇವತ್ತಿಗೂ ಮಾಡ್ತಾಳ, ನಾ ಬಾಜೂ ಕುಂತು ನೋಡೀನಿ, ಮಾಡೀನಿ.

ಗರಗದ ಸೊಪ್ಪು ಜಜ್ಜಿ ರಸ ತೆಗ್ದು ಬಿಳೇ ಹತ್ತಿ ಅರಬಿ ಅದರಾಗ ತೋಯಿಸಿ ನೆರಳಾಗ ಒಣಗಿಸ್ತಾಳ, ಅದನ್ನೇ ಹೊಸೆದು ಬತ್ತಿ ಮಾಡ್ತಾಳ. ಸೊಪ್ಪು ಸಿಗಲಿಲ್ಲಂದ್ರ ಖಾಲಿ ಹತ್ತಿ ಬತ್ತಿನೂ ನಡೀತದ. ಮಣ್ಣಿನ ಪಣತ್ಯಾಗ ಔಡಲ ಎಣ್ಣಿ. ಎರಡೂ ಬಾಜೂ ಎರಡು ತಂಬಿಗಿ ಇಟ್ಟು ಅದರ ಮ್ಯಾಲ ಹಿತ್ತಾಳಿ ತಾಟು ಬೋರಲು ಹಾಕ್ತಾಳ. ಇಲ್ಲೇ ಅದ ಎಲ್ಲಾ ಕೆಲಸ: ತಾಟು ಭಾಳ ಕೆಳಗ ಬಂದ್ರ ಗಾಳಿ ಇಲ್ದೆ ದೀಪ ಆರ್ತದ, ಭಾಳ ಮ್ಯಾಲ ಹೋದ್ರ ಹೊಗಿ ಬಾಜೂ ಹಾರಿ ಹೋಗಿ ತಾಟಿಗಿ ಏನೂ ಹತ್ತಲ್ಲ. ಉರಿ ತುದಿ ತಾಟಿಗಿ ಇನ್ನೇನ್ ಮುಟ್ಟೇ ಬಿಡ್ತು ಅನ್ನಂಗ ಇರಬೇಕು. ಫ್ಯಾನ್ ಬಂದ್, ಕಿಡಕಿ ಬಂದ್. ರಾತ್ರಿ ಹಚ್ಚಿಟ್ರ ಮುಂಜಾನಿಗಿ ತಾಟಿನ ನಡುವ ಕರ್ರನ್ ಮಸಿ ದಪ್ಪಗ ಕುಂತಿರ್ತದ, ಉಫ್ ಅಂದ್ರ ಹಾರ್ತದ ಅಷ್ಟ್ ಹಗುರ. ವೀಳ್ಯದೆಲಿ ದೇಟಿಲೆ ನಿಧಾನ ಕೆರ್ದು ಬೆಳ್ಳಿ ಬಟ್ಟಲಿಗಿ ಹಾಕಿ ಆಕಳ ತುಪ್ಪ ಹನಿ ಹನಿ ಹಾಕಿ ಬೆರಳಿಲೆ ತಿಕ್ಕತಾಳ. ತುಪ್ಪ ಒಮ್ಮಿಗೇ ಸುರೀಬಾರ್ದು, ಸಾದಿ ಸಾದಿ ಗಟ್ಟಿ ಮಾಡ್ಬೇಕು. ಬ್ಯಾಸಿಗ್ಯಾಗ ತುಪ್ಪ ಕರಗಿ ಕಣ್ಣಿನ ಕೆಳಗ ಇಳೀತದ, ಅದಕ್ಕ ಮದುವಿಗಿ ಅಂದ್ರ ತುಪ್ಪ ಕಮ್ಮಿ, ಚೂರು ಜೇನುಮೇಣ ಹಾಕಿದ್ರ ನಿಂದ್ರತದ (ಇದು ನಂದು, ಅಮ್ಮಗ ಹೇಳಿಲ್ಲ).

ಗಂಜ್_ಗಿರಾಕಿ:
ಕರ್ಪೂರ ಹಾಕಲ್ಲೇನು? ನಮ್ ಕಡಿ ತಂಪಿಗಿ ಕರ್ಪೂರ ಹಾಕ್ತಾರ.

ರಾತ್ರಿಪಾಳಿ_ನರ್ಸ್:
ಕರ್ಪೂರ ಹಾಕಿದ್ರ ಕಣ್ಣಾಗ ನೀರು ಬರ್ತದ, ಆ ನೀರಿಗೇ ಮಂದಿ "ಕಣ್ಣ್ ತೊಳೀತದ, ತಂಪ್ ಆಗ್ತದ" ಅಂತಾರ. ಉರೀಗಿ ಬರೋ ನೀರು ಅದು. ಹಾಕಬ್ಯಾಡ್ರಿ. ಮತ್ತ ಕಾಡಿಗಿ ರೆಪ್ಪಿ ಹೊರಗ ಹಚ್ರಿ, ಒಳಗಿನ ಅಂಚಿಗಿ ಬ್ಯಾಡ, ಒಬ್ರ ಡಬ್ಬ್ಯಾಗ ಮನಿ ಮಂದೆಲ್ಲಾ ಬೆರಳು ಅದ್ದಬ್ಯಾಡ್ರಿ. ಒಬ್ಬರಿಗಿ ಕಣ್ಣು ಬಂದ್ರ ಎಲ್ರಿಗೂ ಬರ್ತದ. ಕೂಸುಗಳ ಕಣ್ಣಿಗಂತೂ ಹಚ್ಚಲೇಬಾರ್ದು.

ಯಾದಗಿರಿ_ಪ್ಯಾಸೆಂಜರ್:
ಬಂತು ನೋಡ್ರಿ. ನಮಗೆಲ್ಲಾ ಹುಟ್ಟಿದ ಕೂಡ್ಲೇ ಹಚ್ಯಾರ, ನಮ್ ಕಣ್ಣೇನ್ ಹೋಗ್ಯಾವ? ನಮ್ ಆಯಿಗಿ 80 ಆಗ್ಯದ, ಸೂಜಿಗಿ ದಾರ ತಾನೇ ಪೋಣಸ್ತಾಳ.

ರಾತ್ರಿಪಾಳಿ_ನರ್ಸ್:
ಅಣ್ಣಾ, ಆಯಿಗಿ ದೇವರು ಇನ್ನಾ ಕಣ್ಣು ಕೊಡ್ಲಿ. ಆದ್ರ ನಾ ನೋಡೋ ಕೂಸುಗಳು ನಿಮ್ ಆಯಿ ಅಲ್ಲ. ಹಸಿ ಕೂಸಿನ ಕಣ್ಣೀರು ಇಳ್ಯೋ ದಾರಿ ಭಾಳ ಸಣ್ಣ, ಮಸಿ ತುಪ್ಪ ಹೋಗಿ ಮೆತ್ತಿದ್ರ ಕಟ್ಟತದ, ಕೀವು ಆಗ್ತದ. ಹಚ್ಚೋರ ಉಗುರು ತಾಗೋದು ಬ್ಯಾರೆ. ದೃಷ್ಟಿ ಆಗ್ತದ ಅಂದ್ರ ಅಂಗಾಲಿಗಿ ಬೊಟ್ಟು ಇಡ್ರಿ, ಅದಕ್ಕೇನ್ ಅಡ್ಡಿ ಇಲ್ಲ. ಕಿವಿ ಹಿಂದ ಇಟ್ರೂ ನಡೀತದ, ಮಾರಿ ಕಡಿ ಕೈ ಹೋಗಿ ಒರಸ್ಕೋತಾವ ಅದಕ್ಕ ಅಂಗಾಲೇ ಛಲೋ.

ಯಾದಗಿರಿ_ಪ್ಯಾಸೆಂಜರ್:
ಅಂಗಾಲಿಗಿ ಇಟ್ರ ದೃಷ್ಟಿ ತೆಗ್ಯೋರಿಗಿ ಕಾಣೋದ್ ಹೆಂಗ

ಹುಮನಾಬಾದ್_ಭಾಭಿ:
ಅದು ನೋಡೋರಿಗಿ ಅಲ್ಲಪ್ಪಾ, ದೃಷ್ಟಿಗಿ. ಅದಕ್ಕ ಕಾಣ್ತದ.

ಸುರ್ಮಾ, ಅಂದ್ರ ಕಣ್ಣಿಗಿ ಹಚ್ಚೋ ಪುಡಿ, ಅದರ ಬಗ್ಗಿ ಒಂದ್ ಮಾತು. ನಮ್ಮನ್ಯಾಗ ಅಬ್ಬಾ ಹಬ್ಬಕ್ಕ ಸುರ್ಮಾ ಹಚ್ಕೋತಿದ್ರು, ಸಣ್ಣ ಸುರ್ಮಾದಾನಿ, ಒಳಗ ಕಡ್ಡಿ. ಉರುಸಿನಾಗ ತಂದು ಕೊಡೋರು ಬಕ್ಕಳ. ಹೊಳ್ಯೋ ಕಲ್ಲು ತಂದು ಅರ್ದು ಮಾಡಿದ್ದು ಅದು. ಆ ಕಲ್ಲು ಕೈಯಾಗ ಹಿಡಿದ್ರ ಸೈಜಿಗಿ ಮೀರಿ ವಜ್ಜಿ ಇರ್ತದ. ಮಾಸ್ತರ್ ಅದೇನು ಕಲ್ಲು?

ಕೆಮಿಸ್ಟ್ರಿ_ಮಾಸ್ತರ:
ವಜ್ಜಿ ಅದ ಅಂದ್ರಲ್ಲ ಭಾಭಿ, ಅದೇ ಉತ್ತರ. ಗೆಲೀನಾ ಅಂತಾರ, ಸೀಸ ಮತ್ತ ಗಂಧಕ ಕೂಡಿದ ಅದಿರು. ಹಿಂದಕ ಸುರ್ಮಾಗ ಇದನ್ನೇ ಅರೀತಿದ್ರು, ಈಗೂ ಹಂಗ ಮಾಡಿದ್ದು ಮಾರ್ತಾರ. ಭೂಮಿಯಿಂದ ಬಂದಿದ್ದೇ, ಯಾವ ಫ್ಯಾಕ್ಟರಿನೂ ಇಲ್ಲ, ಆದ್ರೂ ಸೀಸ ಸೀಸನೇ. ಸಣ್ಣ ಮಕ್ಕಳ ಮೆದುಳಿಗಿ, ರಕ್ತಕ್ಕ ಅದು ಕೆಟ್ಟದ್ದು. ಆಳಂದ ತಂಗಿ ಹೇಳಿದ ಮಸಿ ಕಾಡಿಗಿ ಅಂದ್ರ ಬರೇ ಇದ್ದಲಿ, ಅದರಾಗ ಸೀಸ ಇರಲ್ಲ. ಎರಡೂ ಕರ್ರಗೇ ಇರ್ತಾವ ಅಂತ ಎರಡನ್ನೂ ಒಂದೇ ಅನ್ಕೋಬಾರ್ದು.

ಹುಮನಾಬಾದ್_ಭಾಭಿ:
ಹಾಂ. ಸುರ್ಮಾದಾನಿ ಶೋಕೇಸಿನಾಗ ಇಡ್ತೀನಿ ಅಬ್ಬಾನ ನೆನಪಿಗಿ, ಒಳಗಿಂದು ಚೆಲ್ತೀನಿ. ಮೊಮ್ಮಕ್ಕಳು ಅದನ್ನೇ ಹಿಡ್ದು ಆಡ್ತಾವ.

ದೊಡ್ಡಾಟ_ಹುಚ್ಚ:
ಭೂಮಿಯಿಂದ ಬಂದಿದ್ದು ಅಂದ್ರಲ್ಲ ಮಾಸ್ತರ್, ನಮ್ ದೊಡ್ಡಾಟದ ಬಣ್ಣದ ಪೆಟ್ಟಿಗ್ಯಾಗ ಹಳೇ ಕಾಲದಾಗ ಇದ್ದಿದ್ದು ಭಾಳಷ್ಟು ಭೂಮಿಯಿಂದೇ. ಅರದಾಳ ಹಳದಿಗಿ, ಇಂಗಳೀಕ ಕೆಂಪಿಗಿ, ಸಫೇದಾ ಬಿಳಿಗಿ, ದೀಪದ ಮಸಿ ಮೀಸಿಗಿ. ಮೊದಲ ಮಾರಿಗಿ ಕೊಬ್ರಿ ಎಣ್ಣಿ ದಪ್ಪಗ ತಿಕ್ಕೊಂಡು ಆಮ್ಯಾಲ ಬಣ್ಣ ಹಚ್ಚೋದು, ಮುಂಜಾನಿ ಆಟ ಮುಗಿದ ಮ್ಯಾಲ ಮತ್ತ ಕೊಬ್ರಿ ಎಣ್ಣಿಲೇ ತೆಗ್ಯೋದು. ರಾಕ್ಷಸನ ಪಾತ್ರದವರು ತಾಸಗಟ್ಲೆ ಬಣ್ಣ ಮಾಡ್ಕೋತ ಕುಂದರ್ತಿದ್ರು. ಕಂದೀಲು ಬೆಳಕಿನ್ಯಾಗ ಆ ಇಂಗಳೀಕದ ಕೆಂಪು ಏನ್ ಕಾಣ್ತಿತ್ತು ಅಂತೀರಿ! ಈಗಿನ ಟ್ಯೂಬ್ ಬಣ್ಣದಾಗ ಆ ಖದರ್ ಇಲ್ಲ.

ಕೆಮಿಸ್ಟ್ರಿ_ಮಾಸ್ತರ:
ಖದರ್ ಇತ್ತು ಅಣ್ಣಾ, ಅರದಾಳದಾಗ ಆರ್ಸೆನಿಕ್ ಇತ್ತು, ಇಂಗಳೀಕದಾಗ ಪಾದರಸ ಇತ್ತು. ಆ ಎಣ್ಣಿ ಬಳ್ಕೋತಿದ್ರಲ್ಲ, ಅದೊಂದೇ ಅವರಿಗಿ ಅಷ್ಟಿಷ್ಟು ಆಸರ. ಅದಕ್ಕೇ ನಾ ಹೇಳೋದು, ನ್ಯಾಚುರಲ್ ಅಂತ ಡಬ್ಬಿ ಮ್ಯಾಲ ಬರ್ದದ ಅಂದ ಕೂಡ್ಲೇ ಮಾರಿ ಕೊಡಬ್ಯಾಡ್ರಿ.

ಹೋಮ್‌ಮೇಡ್_ಚೆಲುವೆ:
ನಮಸ್ತೆ ಫ್ರೆಂಡ್ಸ್ 🌸 ನನ್ ಬಲ್ಲಿ 100% ಕೆಮಿಕಲ್ ಫ್ರೀ ಲಿಪ್ ಬಾಮ್, ಕಾಡಿಗಿ, ಗ್ಲೋ ಪೌಡರ್ ಎಲ್ಲಾ ಸಿಗ್ತಾವ. ಮನ್ಯಾಗೇ ಪ್ರೀತಿಯಿಂದ ಮಾಡಿದ್ದು. ಇನ್‌ಬಾಕ್ಸ್ ಮಾಡ್ರಿ.

ಕೆಮಿಸ್ಟ್ರಿ_ಮಾಸ್ತರ:
ನೀರೂ ಕೆಮಿಕಲ್ಲೇ ತಂಗಿ. ಕೆಮಿಕಲ್ ಫ್ರೀ ಅಂದ್ರ ಖಾಲಿ ಡಬ್ಬಿ.

ಬೀದರ್_ಬಿಸಿಲು:
ಮಾರ್ಲಾಕ ಲೈಸೆನ್ಸ್ ಅದೇನು?

ಹೋಮ್‌ಮೇಡ್_ಚೆಲುವೆ:
ಮನ್ಯಾಗ ಮಾಡೋದಕ್ಕ ಎಂಥಾ ಲೈಸೆನ್ಸ್ ಸರ್, ಉಪ್ಪಿನಕಾಯಿ ಶೇಂಗಾ ಹಿಂಡಿ ಮಾರೋರು ಎಷ್ಟ್ ಮಂದಿ ಅದಾರ, ಅವ್ರಿಗಿ ಕೇಳ್ರಿ ಮೊದಲ.

ಬೀದರ್_ಬಿಸಿಲು:
ಅವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಇದು ಅದಕ್ಕಿಂತ ಬ್ಯಾರೆ, ಮಾರಿಗಿ ಹಚ್ಚೋದು 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಕೆಳಗ ಬರ್ತದ, ಮ್ಯಾಲ 2020ರ ಕಾಸ್ಮೆಟಿಕ್ಸ್ ರೂಲ್ಸ್ ಬಂದಾವ. ಮಾರ್ಲಾಕ ಮಾಡೋರು ಲೈಸೆನ್ಸ್ ತಗೊಂಡೇ ಮಾಡ್ಬೇಕು, ಡಬ್ಬಿ ಮ್ಯಾಲ ಒಳಗ ಏನೇನ್ ಅದ, ಯಾವಾಗ ಮಾಡಿದ್ದು, ಯಾವ ತಾರೀಖಿನ ತನಕ, ಎಲ್ಲಾ ಬರೀಬೇಕು. ನಿಮ್ ಮನಿ ಮಂದಿಗಿ ಮಾಡ್ಕೊಳ್ರಿ, ಯಾರೂ ಕೇಳಲ್ಲ. ರೊಕ್ಕ ತಗೊಂಡ್ರ ಕೇಳ್ತಾರ. ನಾ ಕಿರಿಕ್ ಮಾಡ್ಲಾಕ ಹೇಳ್ಲಕತ್ತಿಲ್ಲ ತಂಗಿ, ನಾಳಿ ಯಾರದರ ತುಟಿ ಬಾತ್ರ ನಿಮ್ ಮನಿ ಬಾಗಿಲಿಗೇ ಬರ್ತಾರ.

ಹೋಮ್‌ಮೇಡ್_ಚೆಲುವೆ:
ಬೆಳ್ಯೋ ಹುಡುಗ್ಯಾರಿಗಿ ಸಪೋರ್ಟ್ ಮಾಡೋದು ಬಿಟ್ಟು 😒

ಫರ್ಸಿಕಲ್ಲು:
ಗ್ಲೋ ಪೌಡರ್‌ನಾಗ ಏನ್ ಅದ ಅಷ್ಟ್ ಹೇಳ್ರಿ ಸಾಕು

ಫರ್ಸಿಕಲ್ಲು:
ಹೋದ್ರು.

ಶಹಾಪುರ_ಶಾರ್ಟ್‌ಕಟ್:
ಅಕ್ಕೋರೆ ಬೆಳ್ಳಗ ಆಗ್ಲಾಕ ಮನ್ಯಾಗ ಏನಾರ ಇದ್ರ ಹೇಳ್ರಿ. ನನ್ ಗೆಳತಿ ನಿಂಬಿಹುಳಿ ಮತ್ತ ಅಡಗಿ ಸೋಡಾ ಹಚ್ಚು ಅಂದಾಳ.

ರಾತ್ರಿಪಾಳಿ_ನರ್ಸ್:
ತಂಗಿ ಕೈ ಮುಗೀತೀನಿ ಹಚ್ಚಬ್ಯಾಡ. ನಿಂಬಿಹುಳಿ ಭಾಳ ಜೋರ್ ಆಮ್ಲ, ಅದನ್ನ ಹಚ್ಕೊಂಡು ನಮ್ ಬಿಸಿಲಾಗ ಹೊರಗ ಹೋದ್ರ ಚರ್ಮ ಸುಟ್ಟು ಕಪ್ಪು ಕಲಿ ಬೀಳ್ತಾವ, ತಿಂಗಳಾನುಗಟ್ಲೆ ಹೋಗಲ್ಲ. ಸೋಡಾ ಅದರ ಉಲ್ಟಾ, ಕ್ಷಾರ, ಚರ್ಮದ ಮ್ಯಾಲಿನ ಎಣ್ಣಿ ಪದರಾನೇ ತೆಗೀತದ. ಎರಡೂ ಕೂಡಿಸಿದ್ರ ಬರೇ ಬುರುಗು. ಬೆಳ್ಳಗ ಆಗ್ತದ ಅಂತ ಲೇಬಲ್ ಇಲ್ದ ಡಬ್ಬ್ಯಾಗ ಮಾರೋ ಕ್ರೀಮಿನಾಗ ಸ್ಟಿರಾಯ್ಡ್ ಇರೋದು, ಪಾದರಸ ಇರೋದು, ಅದೂ ಅದ. ವಾರದಾಗ ಹೊಳೀತದ, ಬಿಟ್ಟ ಕೂಡ್ಲೇ ಮಾರಿ ತುಂಬ ಗುಳ್ಳಿ, ಚರ್ಮ ತೆಳ್ಳಗ ಆಗಿ ನರ ಕಾಣ್ತಾವ. ನಮ್ ಓಪಿಡಿಗಿ ಇಂಥಾವ್ರು ದಿನಾ ಬರ್ತಾರ.

ಆಳಂದ_ಮೊಮ್ಮಗಳು:
ಮತ್ತ ಬೆಳ್ಳಗ ಯಾಕ ಆಗ್ಬೇಕು ಅಂತ ಕೇಳೋರೇ ಇಲ್ಲ ಇಲ್ಲಿ. ಎರಿ ಮಣ್ಣಿನ ಊರಾಗ ಹುಟ್ಟೀವಿ.

ಶಹಾಪುರ_ಶಾರ್ಟ್‌ಕಟ್:
ನಮ್ ಅತ್ತಿ ಕೇಳ್ತಾರ ಅಕ್ಕಾ, ನಾ ಅಲ್ಲ.

ಸೇಡಂರೋಡ್_ಅಕ್ಕ:
ಆ ಅತ್ತಿಗಿ ನಂಬರ್ ಕೊಡು, ನಾ ಮಾತಾಡ್ತೀನಿ. ಈಗ ಪೌಡರ್ ಕಥಿ ಹೇಳ್ರಿ ಯಾರರ.

ಬೆಂಗ್ಳೂರ್_ಸೊಸೆ:
ಅರಾರೂಟ್ ಪುಡಿ ತಗೊಳ್ಳಿ, ಅದಕ್ಕೆ ಕೋಕೋ ಪುಡಿ ಸ್ವಲ್ಪ ಸ್ವಲ್ಪವೇ ಹಾಕ್ತಾ ನಿಮ್ಮ ಮಗಳ ಬಣ್ಣಕ್ಕೆ ಹತ್ತಿರ ತನ್ನಿ. ಕೈ ಹಿಂದೆ ಹಚ್ಚಿ ನೋಡ್ಬೇಡಿ, ದವಡೆ ಹತ್ರ ಹಚ್ಚಿ ಬೆಳಕಲ್ಲಿ ನೋಡಿ. ಎರಡು ಸಲ ಮಲ್‌ಮಲ್ ಬಟ್ಟೆಯಲ್ಲಿ ಜರಡಿ ಹಿಡೀಬೇಕು. ಕೋಕೋ ಅಂದ್ರೆ ಸಕ್ಕರೆ ಇಲ್ಲದ್ದು ಮತ್ತೆ, ಹಾಲಿಗೆ ಹಾಕೋ ಪುಡಿ ಹಾಕಿದ್ರೆ ಇರುವೆ ಬರತ್ತೆ.

ಫರ್ಸಿಕಲ್ಲು:
ಅರಾರೂಟ್ ಯಾಕ, ನಮ್ ಕಡಿ ಜ್ವಾಳದ ಹಿಟ್ಟು ಬಕ್ಕಳ ಅದ.

ಹುಮನಾಬಾದ್_ಭಾಭಿ:
ಹಚ್ಕೋ ಹಚ್ಕೋ, ನಿನ್ ಮಾರಿ ಮ್ಯಾಲೇ ರೊಟ್ಟಿ ಬಡೀತೀನಿ.

ಬೀದರ್_ಬಿಸಿಲು:
ಪೌಡರ್ ಏನೋ ಸರಿ ಆದ್ರ ಅರಾರೂಟ್ ಆಗ್ಲಿ ಕಾರ್ನ್‌ಫ್ಲೋರ್ ಆಗ್ಲಿ ಅಕ್ಕಿ ಹಿಟ್ಟಾಗ್ಲಿ ಎಲ್ಲಾ ಪಿಷ್ಟ, ಬೆವರು ಹೀರ್ಕೊಂಡು ಉಬ್ಬತದ. ಚಿತ್ತಾಪುರದ ಬ್ಯಾಸಿಗ್ಯಾಗ, ಪೆಂಡಾಲ ಕೆಳಗ, ಮುಹೂರ್ತ ಮಟಮಟ ಮಧ್ಯಾಹ್ನ ಇದ್ರಂತೂ ಮಾರಿ ಮ್ಯಾಲ ದ್ವಾಸಿ ಹಿಟ್ಟಿನಂಗ ಆಗ್ತದ. ಭಾಳ ತೆಳ್ಳಗ, ಮೂಗಿಗಿ ಹಣಿಗಿ ಅಷ್ಟೇ.

ರಾತ್ರಿಪಾಳಿ_ನರ್ಸ್:
ನಮ್ ಹಾಸ್ಟೆಲ್ ಗುಟ್ಟು ಹೇಳ್ಲಾ? ಕ್ಯಾಲಮೈನ್ ಲೋಷನ್. ಮೆಡಿಕಲ್ ಶಾಪಿನಾಗ ಸಿಗೋ ಗುಲಾಬಿದು, ಬೆವರು ಗುಳ್ಳಿಗಿ ಹಚ್ತಾರಲ್ಲ ಅದೇ. ಮಾರಿ ತೊಳ್ದು ತೆಳ್ಳಗ ಹಚ್ಚಿ ಒಣಗಿಸಿದ್ರ ಎಣ್ಣಿ ಜಿಡ್ಡು ಕಾಣಲ್ಲ, ಅದರ ಮ್ಯಾಲ ಪೌಡರ್ ನಿಂದ್ರತದ. ಒಣ ಚರ್ಮದವರಿಗಿ ಬ್ಯಾಡ, ಎಳೀತದ.

ಕೆಮಿಸ್ಟ್ರಿ_ಮಾಸ್ತರ:
ಅದರ ಗುಲಾಬಿ ಬಣ್ಣ ಐರನ್ ಆಕ್ಸೈಡಿಂದು, ಬಿಳಿ ಜಿಂಕ್ ಆಕ್ಸೈಡಿಂದು. ಕಂಪನಿ ಫೌಂಡೇಶನ್‌ನಾಗೂ ಬಣ್ಣಕ್ಕ ಅದೇ ಐರನ್ ಆಕ್ಸೈಡೇ. ಹಂಗಂತ ನಮ್ ಕೆಮ್ಮಣ್ಣು ತಂದು ಅರ್ದು ಹಚ್ಲಾಕ ಹೋಗಬ್ಯಾಡ್ರಿ, ಮಣ್ಣಾಗ ಕಬ್ಬಿಣದ ಸಂಗಟ ಸೀಸ ಆರ್ಸೆನಿಕ್ ಏನರ ಇರಬಹುದು, ಅದಕ್ಕೇ ಮೇಕಪ್ಪಿಗಿ ಹಾಕೋ ಆಕ್ಸೈಡ್ ಲ್ಯಾಬಿನಾಗ ತಯಾರಿಸ್ತಾರ. ಹೋಳಿ ಬಣ್ಣ ಕಣ್ಣಿನ ಮ್ಯಾಲ ಹಚ್ಚೋ ಹುಡುಗ್ಯಾರನ್ನೂ ನೋಡೀನಿ, ನಮ್ ಕಾಲೇಜ್ ಗ್ಯಾದರಿಂಗಿನಾಗ. ಚಮಕಿ ಹಚ್ಚೋದು ಅದಕ್ಕಿಂತ ಖರಾಬು, ರಂಗೋಲಿ ಚಮಕಿ ಕಣ್ಣಾಗ ಹೋದ್ರ ಗೀರ್ತದ.

ಶಹಾಪುರ_ಶಾರ್ಟ್‌ಕಟ್:
ಮೆಹಂದಿನೂ ಮೇಕಪ್ಪೇ ಅಲ್ಲಾ? ಒಂದೇ ತಾಸಿನಾಗ ಕರ್ರಗ ಬರೋ ಕೋನ್ ಬಂದಾವಲ್ಲ, ಮದುವಿಗಿ ಅವೇ ಬೆಸ್ಟ್ ಅಲ್ವಾ.

ಹುಮನಾಬಾದ್_ಭಾಭಿ:
ಒಂದ್ ತಾಸಿಗಿ ಕರ್ರಗ ಬರೋದು ಮೆಹಂದಿ ಅಲ್ಲ ಬೇಟಿ. ಖರೇ ಮೆಹಂದಿ ತೆಗ್ದ ಕೂಡ್ಲೇ ಕಿತ್ತಳಿ ಇರ್ತದ, ಮರುದಿನ ಕೆಂಪು, ಅದರ ಮರುದಿನ ಕಂದು. ಎಲಿ ಪುಡಿ ವಸ್ತ್ರಗಾಳಿ ಮಾಡಿ, ನಿಂಬಿಹುಳಿ, ಸಕ್ಕರಿ, ಎರಡ್ ಹನಿ ನೀಲಗಿರಿ ಎಣ್ಣಿ ಹಾಕಿ ರಾತ್ರಿ ನೆನಸಿಡು. ತೆಗ್ದ ಮ್ಯಾಲ ನೀರು ಮುಟ್ಟಬ್ಯಾಡ, ತವಾ ಮ್ಯಾಲ ಲವಂಗ ಹಾಕಿ ಹೊಗಿ ಹಿಡಿ. ಮದುವಿಗಿ ಎರಡ್ ದಿನ ಮೊದಲೇ ಹಚ್ಚಿದ್ರ ಅಕ್ಕಿಕಾಳಿನ ದಿನ ರಂಗು ತುಂಬಿರ್ತದ. ಆ ಕರ್ರನ್ ಕೋನ್‌ನಾಗ ಕೂದಲಿಗಿ ಹಚ್ಚೋ ಡೈ ಇರ್ತದಂತ, ನಮ್ ಓಣಿ ಹುಡುಗಿಗಿ ಡಿಸೈನ್ ಹೆಂಗಿತ್ತೋ ಹಂಗೇ ಬೊಬ್ಬಿ ಎದ್ದಿದ್ವು, ಬಳ್ಳಿ, ಎಲಿ, ನವಿಲು ಸೈತ.

ರಾತ್ರಿಪಾಳಿ_ನರ್ಸ್:
ಹೌದು, ಪಿಪಿಡಿ ಅಂತ. ಒಮ್ಮಿ ಹಿಂಗ ಆತಂದ್ರ ಜೀವನಪೂರ್ತಿ ಕೂದಲಿಗಿ ಪಿಪಿಡಿ ಇರೋ ಕಪ್ಪು ಡೈನೂ ಆಗಲ್ಲ.

ಫರ್ಸಿಕಲ್ಲು:
ನಮ್ ಮಾಮಾ ಪ್ರತಿ ತಿಂಗಳು ಡೈ ಹಚ್ತಾನ, ತಲಿ ಕೆರ್ಕೋತಾನೇ ಇರ್ತಾನ, ಅದಕ್ಕೇನಾ?

ರಾತ್ರಿಪಾಳಿ_ನರ್ಸ್:
ಕರ್ಕೊಂಡ್ ಬಾ ತಮ್ಮಾ, ಇಲ್ಲಿಂದ ನೋಡ್ಲಾಕ ಬರಲ್ಲ.

ದೊಡ್ಡಾಟ_ಹುಚ್ಚ:
ಶರಣಬಸವೇಶ್ವರ ಜಾತ್ರ್ಯಾಗ ಈ ಸಲ ಯಾವ ನಾಟಕ ಕಂಪನಿ ಬಂದದ, ಯಾರಿಗರ ಗೊತ್ತದೇನ್ರಿ

ಗಂಜ್_ಗಿರಾಕಿ:
ಇಲ್ಲಿ ಕೇಳೋದೇನಣ್ಣಾ, ಜಾತ್ರಿದು ಬ್ಯಾರೆ ಕೇಳ್ರಿ.

ಸೇಡಂರೋಡ್_ಅಕ್ಕ:
ರತನ್ ಜೋತ್ ಗಂಜ್‌ನಾಗ ಸಿಕ್ತು. ಮಾಸ್ತರ್ ಹೇಳಿದಂಗೇ ಮಾಡಿದ್ವಿ, ಮೇಣ ಬೀದರ್ ಅಣ್ಣಾರ ಲೆಕ್ಕದ ಪ್ರಕಾರ. ಖರೇ ಹೇಳ್ತೀನಿ, ಎಣ್ಣ್ಯಾಗ ಬೇರು ಬಿದ್ದ ಕೂಡ್ಲೇ ಕೆಂಪ್ ಎಳಿ ಎಳಿ ಇಳೀಲಕತ್ತು, ಮಗಳು ಕಾಲೇಜಿಗಿ ಹೋಗೋದ್ ಬಿಟ್ಟು ಅಲ್ಲೇ ನಿಂತು ನೋಡಿದಳು. ಬಣ್ಣ ಅಂಗಡಿದಂಗ ಢಾಳ ಬರಲ್ಲ, ತೆಳ್ಳನ್ ಮರೂನ್, ಹಲ್ಲಿಗಿ ಹತ್ತಲ್ಲ, ಕೈಗಿ ಎರಡ್ ದಿನ ಹಚ್ಚಿ ನೋಡಿದ್ವಿ ಏನೂ ಆಗಿಲ್ಲ. ಈಕಿಗಿ ಇನ್ನಾ ಗಾಢ ಬೇಕಂತ. ಮತ್ತೊಂದು, ನಮ್ ಅತ್ತಿ ಒಗ್ಗರಣಿ ಬಟ್ಟಲದಾಗ ಮಾಡಿದ್ವಿ, ಈಗ ಅದರ ಕಲಿ ಹೋಗವಲ್ದು, ಸಾಬೂನು ಹಚ್ಚಿ ತಿಕ್ಕಿದ್ರ ಕಲಿ ನೀಲಿ ತಿರಗ್ಲಕತ್ತದ! ಅತ್ತಿ ಇನ್ನಾ ನೋಡಿಲ್ಲ. ಮಾಸ್ತರ್ ಜಲ್ದಿ ಹೇಳ್ರಿ.

ಕೆಮಿಸ್ಟ್ರಿ_ಮಾಸ್ತರ:
ಹಹ, ಗಾಬರಿ ಆಗಬ್ಯಾಡ್ರಿ. ರತನ್ ಜೋತ್ ಬಣ್ಣ ಕ್ಷಾರ ತಾಗಿದ್ರ ನೀಲಿ ಆಗ್ತದ, ಸಾಬೂನು ಕ್ಷಾರ. ಅದು ಎಣ್ಣಿ ಬಣ್ಣ ಅಲ್ಲಾ, ಮೊದಲ ಖಾಲಿ ಎಣ್ಣಿ ಹಾಕಿ ಅರಬಿಲೆ ಒರಸ್ರಿ, ಎಣ್ಣಿಲೇ ಬಿಡ್ತದ. ಆಮ್ಯಾಲ ಒಣ ಹಿಟ್ಟು ಹಾಕಿ ತಿಕ್ಕಿ ಒರಸಿ, ಕಡೀಕ ಸಾಬೂನು. ಗಾಢ ಬೇಕಂದ್ರ ಬೇರು ಜಾಸ್ತಿ ಹಾಕ್ರಿ, ಉರಿ ಜಾಸ್ತಿ ಮಾಡಬ್ಯಾಡ್ರಿ. ಇಲ್ಲಾ ಭಾಭಿ ಹೇಳಿದಂಗ ಮೊದಲ ಬೀಟ್‌ರೂಟ್ ತಿಕ್ಕಿ ಒಣಗಿಸಿ ಮ್ಯಾಲ ಇದನ್ನ ಹಚ್ಚಿದ್ರ ಡಬಲ್ ಬರ್ತದ.

ಫರ್ಸಿಕಲ್ಲು:
ಹಿಟ್ಟು ಅಂದ್ರ ಜ್ವಾಳದ್ದು ನಡೀತದಾ ಮಾಸ್ತರ್?

ಕೆಮಿಸ್ಟ್ರಿ_ಮಾಸ್ತರ:
ಇದಕ್ಕ ನಡೀತದ.

ಹುಮನಾಬಾದ್_ಭಾಭಿ:
ಬಟ್ಟಲ ಹಿತ್ತಾಳಿದಾ ಸ್ಟೀಲಿಂದಾ ಅಕ್ಕಾ? ಹಿತ್ತಾಳಿ ಇದ್ರ ಹುಣಸಿಹಣ್ಣೂ ಹಾಕ್ರಿ, ಅತ್ತಿಗಿ ಬೆಳಗೀನಿ ಅಂತ ಹೇಳ್ರಿ.

ಸೇಡಂರೋಡ್_ಅಕ್ಕ:
ಸ್ಟೀಲಿಂದು ಭಾಭಿ. ಎಣ್ಣಿ ಹಾಕೀನಿ, ಬಿಡ್ಲಕತ್ತದ. ಅತ್ತಿ ಅಡಗಿ ಮನಿ ಕಡೀನೇ ಬರ್ಲಕತ್ತಾರ, ಆಮ್ಯಾಲ ಬರ್ತೀನಿ.